ಮಂಜೂರಾದ ಹಣ ಕೈಗೆ ಬರುವುದು ಯಾವಾಗ? ಅಮೆರಿಕದ ಬಜೆಟ್ ಬಗ್ಗೆ ಓದುಗರ ಪ್ರಶ್ನೆಗಳು

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಕದ ಹಾಕಿದ್ದವು. ಆ ಸುದ್ದಿ ಓದಿದವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕೇಳಿದ ರೀತಿ ಬೇರೆಬೇರೆಯಾದರೂ ಎಲ್ಲರ ಗೊಂದಲ ಒಂದೇ: ಅಲ್ಲಿ ಖಜಾನೆಯ ಬೀಗದ ಕೈ ಯಾರ ಸೊಂಟದಲ್ಲಿದೆ? ಬೀಗಗಳು ನಾಲ್ಕೈದಿವೆ, ಒಂದೊಂದರ ಕೈ ಒಬ್ಬೊಬ್ಬರ ಹತ್ತಿರ. ಇದು ತಲೆಯಲ್ಲಿದ್ದರೆ ಮುಂದಿನ ಉತ್ತರಗಳು ಸಲೀಸಾಗುತ್ತವೆ.

ಪ್ರಶ್ನೆ: ಅಮೆರಿಕದಲ್ಲಿ ಬಜೆಟ್ ಮಂಡಿಸುವ ಹಣಕಾಸು ಸಚಿವರು ಯಾರು? ಖಜಾನೆ ಕಾರ್ಯದರ್ಶಿಯ ಹೆಸರು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಬಜೆಟ್ ಹೊತ್ತಿನಲ್ಲಿ ಮಾತ್ರ ಅವರು ಮುಂದೆ ಕಾಣುವುದಿಲ್ಲ.

ಅಂಥ ಸಚಿವರೇ ಅಲ್ಲಿಲ್ಲ. 1921ಕ್ಕೆ ಮುಂಚೆ ಒಂದೊಂದು ಇಲಾಖೆಯೂ ತನಗೆ ಬೇಕಾದ ಮೊತ್ತವನ್ನು ಬರೆದುಕೊಡುತ್ತಿತ್ತು. ಖಜಾನೆ ಇಲಾಖೆ ಅವನ್ನು ಒಟ್ಟುಗೂಡಿಸಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ರವಾನಿಸುತ್ತಿತ್ತು, ಅಷ್ಟೇ. ಆ ವರ್ಷ ಬಂದ ಬಜೆಟ್ ಮತ್ತು ಲೆಕ್ಕಪತ್ರ ಕಾಯ್ದೆ, ಬಜೆಟ್ ಕಳಿಸುವ ಹೊಣೆಯನ್ನು ಅಧ್ಯಕ್ಷರ ಮೇಲೆ ಹಾಕಿತು. ಅವರ ಪರವಾಗಿ ಕೆಲಸ ಮಾಡಲು ಬಜೆಟ್ ಬ್ಯೂರೋ ಹುಟ್ಟಿತು. ಮೊದಲು ಅದು ಖಜಾನೆ ಇಲಾಖೆಯೊಳಗೇ ಇತ್ತು. 1939ರಲ್ಲಿ ಅಧ್ಯಕ್ಷರ ಕಾರ್ಯಾಲಯಕ್ಕೆ ಬಂತು, 1970ರಲ್ಲಿ ಆಫೀಸ್ ಆಫ್ ಮ್ಯಾನೇಜ್‌ಮೆಂಟ್ ಅಂಡ್ ಬಜೆಟ್ ಎಂದು ಹೆಸರು ಬದಲಾಯಿಸಿಕೊಂಡಿತು. ಎಲ್ಲರೂ ಕರೆಯುವುದು ಒಎಂಬಿ ಎಂದೇ. ಐನೂರರ ಆಸುಪಾಸಿನ ಸಿಬ್ಬಂದಿ. ಆದರೆ ಇಡೀ ಸರ್ಕಾರದ ಬೇಡಿಕೆಗಳು ಇವರ ಮೇಜು ದಾಟಿಯೇ ಹೋಗಬೇಕು. ನ್ಯಾಯಾಂಗ ಮತ್ತು ಕಾಂಗ್ರೆಸ್ ತಮಗೆ ಬೇಕೆಂದು ಕೇಳಿದ ಮೊತ್ತವನ್ನು ಮಾತ್ರ ಒಎಂಬಿ ತಿದ್ದುವಂತಿಲ್ಲ, ಬಂದ ಹಾಗೆಯೇ ಸೇರಿಸಬೇಕು.

ಖಜಾನೆ ಇಲಾಖೆಗೆ ಬೇರೆ ಕೆಲಸಗಳಿವೆ. ತೆರಿಗೆಯಿಂದ ಎಷ್ಟು ಬರಬಹುದೆಂಬ ಅಂದಾಜು ಅದರದು. ವಸೂಲಿ ಅದರ ಕೆಳಗಿನ ತೆರಿಗೆ ಸಂಸ್ಥೆ ಐಆರ್‌ಎಸ್‌ನದು. ಬಹುಪಾಲು ಪಾವತಿ ಹೊರಡುವುದು ಅದರ ಬ್ಯೂರೋ ಆಫ್ ದಿ ಫಿಸ್ಕಲ್ ಸರ್ವಿಸ್‌ನಿಂದ. ಸಾಲ ಎತ್ತುವುದೂ ಅದೇ. ಯಾವ ಇಲಾಖೆಗೆ ಎಷ್ಟು ಕೇಳಬೇಕು ಎಂಬ ಚೌಕಾಸಿಯಲ್ಲಿ ಅದು ಯಜಮಾನನಲ್ಲ. ತನ್ನ ಖರ್ಚಿನ ಮಟ್ಟಿಗೆ ಅದೂ ಒಎಂಬಿಯ ಮುಂದೆ ಕೈಯೊಡ್ಡುವ ಇನ್ನೊಂದು ಇಲಾಖೆ.

ಪ್ರಶ್ನೆ: ನಮ್ಮ ಸಂಬಂಧಿಯೊಬ್ಬರು ಅಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಬಜೆಟ್ ವಿಭಾಗದಲ್ಲಿದ್ದಾರೆ. ಇನ್ನೂ ಒಂದೂವರೆ ವರ್ಷ ಆಚೆಗಿನ ಬಜೆಟ್ಟಿಗೆ ಈಗಲೇ ಹಗಲೂ ರಾತ್ರಿ ದುಡಿಯುತ್ತಿದ್ದೇವೆ ಅನ್ನುತ್ತಾರೆ. ಅಷ್ಟು ಮೊದಲೇ ಏನಿರುತ್ತದೆ?

ಅವರು ಹೇಳುವುದು ನಿಜ. ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಮುಕ್ತಾಯ. ಮುಗಿಯುವ ಇಸವಿಯೇ ಅದರ ಹೆಸರು. 2026ರ ಅಕ್ಟೋಬರ್‌ನಲ್ಲಿ ಆರಂಭವಾಗುವ 2027ರ ಹಣಕಾಸು ವರ್ಷವನ್ನೇ ಹಿಡಿಯೋಣ. ಪದ್ಧತಿಯಂತೆ ನಡೆದರೆ ಅದರ ಕೆಲಸ 2025ರ ವಸಂತದಲ್ಲೇ ಆರಂಭ: ಅಧ್ಯಕ್ಷರ ಆದ್ಯತೆಗಳೇನು, ಎಷ್ಟರೊಳಗೆ ಕೇಳಬೇಕು ಎಂದು ಒಎಂಬಿ ಸೂಚನೆ ಕಳಿಸುತ್ತದೆ. ಬೇಸಿಗೆಯಲ್ಲಿ ಪ್ರತಿವರ್ಷ ಪರಿಷ್ಕರಿಸುವ ಎ-11 ಎಂಬ ಸುತ್ತೋಲೆ ಬರುತ್ತದೆ. ಹೆಸರಿಗೆ ಸುತ್ತೋಲೆ, ಗಾತ್ರ ನೋಡಿದರೆ ದಪ್ಪ ಗ್ರಂಥ. ಯಾವ ಕೋಷ್ಟಕದಲ್ಲಿ ಯಾವ ಸಂಖ್ಯೆ ಕೂರಬೇಕೆಂಬುದೆಲ್ಲ ಅದರಲ್ಲಿದೆ. ಸೆಪ್ಟೆಂಬರ್‌ನಲ್ಲಿ ಸಂಸ್ಥೆಗಳು ಬೇಡಿಕೆ ಸಲ್ಲಿಸುತ್ತವೆ.

ಅಕ್ಟೋಬರ್, ನವೆಂಬರ್ ಎರಡು ತಿಂಗಳು ಒಎಂಬಿಯ ಪರಿಶೀಲಕರದು. ಒಬ್ಬೊಬ್ಬರ ಪಾಲಿಗೆ ಕೆಲವು ಕಾರ್ಯಕ್ರಮಗಳಿರುತ್ತವೆ, ಅವುಗಳ ಒಳಹೊರಗೆಲ್ಲ ಅವರಿಗೆ ಗೊತ್ತು. ಸಂಸ್ಥೆಯೊಂದು 100 ಹೊಸ ಹುದ್ದೆ ಕೇಳಿ ಅಷ್ಟೂ ಜನರ ಪೂರ್ತಿ ವರ್ಷದ ಸಂಬಳ ಬರೆದಿದೆ ಅನ್ನಿ. ನೇಮಕಾತಿ ಮುಗಿದು ಅವರು ಕುರ್ಚಿಯಲ್ಲಿ ಕೂರುವುದು ಏಪ್ರಿಲ್ ಹೊತ್ತಿಗೆ. ಹುದ್ದೆಯನ್ನು ಲೆಕ್ಕ ಹಾಕುವುದು ದುಡಿದ ಗಂಟೆಗಳಿಂದ, ಒಬ್ಬರಿಗೆ ವರ್ಷಕ್ಕೆ ಸುಮಾರು 2,080 ಗಂಟೆ. ಹಾಗಾದರೆ ಆ ವರ್ಷಕ್ಕೆ ಬೀಳುವುದು 50 ಪೂರ್ಣಾವಧಿ ಹುದ್ದೆಗಳ ಸಂಬಳ ಮಾತ್ರ. ಉಳಿದರ್ಧವನ್ನು ಪರಿಶೀಲಕರು ಒಂದೇ ಗೆರೆಯಲ್ಲಿ ಹೊಡೆದುಹಾಕುತ್ತಾರೆ, ಅದಕ್ಕೆ ವಾದವೂ ಇರುವುದಿಲ್ಲ.

ನವೆಂಬರ್ ಕೊನೆಯಲ್ಲಿ ಪಾಸ್‌ಬ್ಯಾಕ್: ನೀವು ಕೇಳಿದ್ದು ಇಷ್ಟು, ಅಧ್ಯಕ್ಷರ ಬಜೆಟ್ಟಿನಲ್ಲಿ ಬರುವುದು ಇಷ್ಟು ಎಂಬ ಉತ್ತರ. ಮೇಲ್ಮನವಿಗೆ ಕೆಲವೇ ದಿನಗಳ ಗಡುವು. ಈ ಹಂತದಲ್ಲಿ ಸಂಸ್ಥೆಗಳು ಆಡುವ ಹಳೆಯ ಆಟವೊಂದಿದೆ. ಕಡಿತ ಮಾಡಿ ಅಂದರೆ ಜನ ಅತಿಯಾಗಿ ಮೆಚ್ಚುವುದನ್ನೇ ಮೊದಲು ತೆಗೆದಿಟ್ಟು, 'ಇದನ್ನೇ ಮುಚ್ಚಬೇಕಾಗುತ್ತದೆ' ಅನ್ನುವುದು. ಇದಕ್ಕೆ ವಾಷಿಂಗ್ಟನ್ ಸ್ಮಾರಕದ ತಂತ್ರ ಎಂದೇ ಹೆಸರು ಬಿದ್ದಿದೆ. ಪಳಗಿದ ಪರಿಶೀಲಕರು ಇದಕ್ಕೆ ಬಗ್ಗುವುದು ಕಡಿಮೆ.

ಡಿಸೆಂಬರ್‌ನಲ್ಲಿ ಅಂಕಿಗಳಿಗೆ ಬೀಗ ಬೀಳುತ್ತದೆ. ಅಧ್ಯಕ್ಷರ ಬಜೆಟ್ ಕಾಂಗ್ರೆಸ್ಸಿಗೆ ಹೋಗಬೇಕಾದ ದಿನ ಫೆಬ್ರುವರಿಯ ಮೊದಲ ಸೋಮವಾರ, 2027ರ ವರ್ಷಕ್ಕೆ ಅದು 2026ರ ಫೆಬ್ರುವರಿ 2. ಆ ದಿನ ತಪ್ಪುವುದೇ ಈಗ ಮಾಮೂಲು, ಅದಕ್ಕೆ ದಂಡವೂ ಇಲ್ಲ.

ನಿಮ್ಮ ಸಂಬಂಧಿಯ ಸುಸ್ತಿನ ನಿಜವಾದ ಕಾರಣ ಇದಷ್ಟೇ ಅಲ್ಲ. 2025ರ ಬೇಸಿಗೆಯಲ್ಲಿ ಅಂಥದೊಂದು ವಿಭಾಗ 2025ರ ಹಣ ಖರ್ಚು ಮಾಡಿಸುತ್ತಿರುತ್ತದೆ, 2026ರ ಹಣಕ್ಕಾಗಿ ಕಾಂಗ್ರೆಸ್ ಸಮಿತಿಗಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿರುತ್ತದೆ, 2027ರ ಬೇಡಿಕೆ ಕಟ್ಟುತ್ತಿರುತ್ತದೆ. ಮೂರು ವರ್ಷಗಳ ಕಡತ ಒಂದೇ ಮೇಜಿನ ಮೇಲೆ. 2026ಕ್ಕೆ ಎಷ್ಟು ಸಿಗುತ್ತದೆಂದೇ ಗೊತ್ತಿಲ್ಲದೆ 2027ಕ್ಕೆ ಎಷ್ಟು ಹೆಚ್ಚಳ ಬೇಕೆಂದು ಬರೆಯಬೇಕು!

ಪ್ರಶ್ನೆ: ಅಧ್ಯಕ್ಷರು ಕಳಿಸಿದ್ದನ್ನು ಕಾಂಗ್ರೆಸ್ ಒಪ್ಪಲೇಬೇಕೆ? ಸಿಬಿಒ ಅನ್ನುವುದು ಯಾರ ಕಡೆಯವರು?

ಒಪ್ಪಬೇಕಿಲ್ಲ. ಅಧ್ಯಕ್ಷರ ಬಜೆಟ್ ಒಂದು ಕೋರಿಕೆ. ಕಾಯ್ದೆಯಾಗದೆ ಖಜಾನೆಯಿಂದ ಒಂದು ಡಾಲರೂ ಹೊರಡಬಾರದೆಂದು ಸಂವಿಧಾನವೇ ಹೇಳುತ್ತದೆ.

ಕಾಂಗ್ರೆಷನಲ್ ಬಜೆಟ್ ಆಫೀಸ್, ಅಂದರೆ ಸಿಬಿಒ, 1974ರ ಕಾಯ್ದೆಯ ಕೂಸು. ಒಎಂಬಿಯ ಅಂಕಿಗಳನ್ನೇ ನಂಬಿ ಕೂರಬಾರದು, ತನಗೆ ತನ್ನದೇ ಲೆಕ್ಕಿಗರು ಬೇಕು ಎಂದು ಕಾಂಗ್ರೆಸ್ ಮಾಡಿಕೊಂಡ ವ್ಯವಸ್ಥೆ. ಮೊದಲ ನಿರ್ದೇಶಕಿ ಆಲಿಸ್ ರಿವ್ಲಿನ್. ಎರಡು ದಶಕದ ನಂತರ ಅವರೇ ಒಎಂಬಿಯ ಮುಖ್ಯಸ್ಥೆಯೂ ಆದರು. ಸಿಬಿಒ ಮಸೂದೆಯ ವೆಚ್ಚ ಹೇಳುತ್ತದೆ, ಮಸೂದೆ ಒಳ್ಳೆಯದೋ ಕೆಟ್ಟದ್ದೋ ಹೇಳುವುದಿಲ್ಲ. ತೆರಿಗೆ ಮಸೂದೆಯಾದರೆ ಅಂದಾಜು ಮಾಡುವುದು ತೆರಿಗೆ ಕುರಿತ ಜಂಟಿ ಸಮಿತಿ.

ಏಪ್ರಿಲ್ 15ರೊಳಗೆ ಎರಡೂ ಸದನ ಒಟ್ಟು ಖರ್ಚಿನ ಮಿತಿಯ ನಿರ್ಣಯ ಒಪ್ಪಬೇಕು. ಅದಕ್ಕೆ ಅಧ್ಯಕ್ಷರ ಸಹಿ ಬೇಕಿಲ್ಲ, ಅದು ಕಾಯ್ದೆಯೂ ಅಲ್ಲ. ಆ ಮಿತಿಯನ್ನು ಧನವಿನಿಯೋಗ ಸಮಿತಿಗಳು, ಅಂದರೆ ಹಣ ಮಂಜೂರಾತಿಯ ಮಸೂದೆ ಬರೆಯುವ ಸಮಿತಿಗಳು, ತಮ್ಮ ಹನ್ನೆರಡು ಉಪಸಮಿತಿಗಳಿಗೆ ಪಾಲು ಹಾಕುತ್ತವೆ, ಉಪಸಮಿತಿಗೊಂದರಂತೆ ಹನ್ನೆರಡು ಮಸೂದೆ. ಹನ್ನೆರಡೂ ಸೇರಿದರೂ ನಿಯಂತ್ರಣಕ್ಕೆ ಬರುವುದು ಒಟ್ಟು ಖರ್ಚಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 2024ರ ಹಣಕಾಸು ವರ್ಷದಲ್ಲಿ ಸರ್ಕಾರ ಖರ್ಚು ಮಾಡಿದ್ದು ಸುಮಾರು 6.75 ಲಕ್ಷ ಕೋಟಿ ಡಾಲರ್. ವರ್ಷವರ್ಷ ಮತ ಹಾಕಿ ಕೊಟ್ಟದ್ದು ಸುಮಾರು 1.8 ಲಕ್ಷ ಕೋಟಿ. ಉಳಿದದ್ದು ವೃದ್ಧಾಪ್ಯ ಪಿಂಚಣಿ, ಆರೋಗ್ಯ ವಿಮೆಯಂಥ ಹಳೆಯ ಕಾಯ್ದೆಗಳ ಬಲದಿಂದ ತಾನಾಗಿ ಹೋಗುವ ಹಣ, ಜೊತೆಗೆ ಸಾಲದ ಬಡ್ಡಿ. ಬಡ್ಡಿಯೇ ಸುಮಾರು 88,000 ಕೋಟಿ ಡಾಲರ್, ಆ ವರ್ಷದ ರಕ್ಷಣಾ ಖರ್ಚಿಗಿಂತ ಹೆಚ್ಚು.

ಈ ಹಂತದಲ್ಲಿ ಸಂಸ್ಥೆಯ ಅಧಿಕಾರಿಗಳ ಪಾಡು ಸ್ವಲ್ಪ ವಿಚಿತ್ರ. ಒಳಗೆ 100 ಕೇಳಿ 80 ಸಿಕ್ಕಿದ್ದರೂ ಸಮಿತಿಯ ಮುಂದೆ 80 ಸಾಕೆಂದೇ ವಾದಿಸಬೇಕು. ಅವರ ಲಿಖಿತ ಹೇಳಿಕೆ ಮೊದಲು ಒಎಂಬಿಯ ಒಪ್ಪಿಗೆ ಪಡೆಯಬೇಕು. ಇನ್ನು ಮಸೂದೆಯ ಜೊತೆ ಬರುವ ಸಮಿತಿ ವರದಿ: ಅದರ ಸೂಚನೆಗಳು ಬಹುಮಟ್ಟಿಗೆ ಕಾನೂನಲ್ಲ. ಆದರೂ ಬಜೆಟ್ ವಿಭಾಗದವರು ಅದನ್ನು ಸಾಲುಸಾಲು ಗೆರೆ ಎಳೆದು ಓದುತ್ತಾರೆ, ಯಾಕೆಂದರೆ ಮುಂದಿನ ವರ್ಷ ಹೋಗಿ ಕೂರಬೇಕಾದ್ದು ಅದೇ ಉಪಸಮಿತಿಯ ಮುಂದೆ.

ಪ್ರಶ್ನೆ: ಅರ್ಥಶಾಸ್ತ್ರ ವಿದ್ಯಾರ್ಥಿನಿ ನಾನು. ಒಂದೇ ಕಾರ್ಯಕ್ರಮಕ್ಕೆ ಒಂದು ವರದಿಯಲ್ಲಿ 10 ಕೋಟಿ ಡಾಲರ್, ಇನ್ನೊಂದರಲ್ಲಿ 30 ಲಕ್ಷ ಎಂದಿದೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಮೂರು ಬೇರೆಬೇರೆ ಸಂಗತಿಗಳನ್ನು ಎಲ್ಲರೂ 'ಖರ್ಚು' ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ಬಂದ ತೊಡಕು ಇದು. ಕಾಂಗ್ರೆಸ್ ಕೊಡುವುದು ಹಣವನ್ನಲ್ಲ, ಸರ್ಕಾರದ ಹೆಸರಿನಲ್ಲಿ ಮಾತು ಕೊಡುವ ಅಧಿಕಾರವನ್ನು. ಅದು ಬಜೆಟ್ ಅಧಿಕಾರ. ಗುತ್ತಿಗೆಗೆ ಸಹಿ ಬಿದ್ದಾಗ ಆಗುವುದು ಬದ್ಧತೆ. ಬಿಲ್ಲು ಬಂದು ಹಣ ಖಾತೆ ಬಿಟ್ಟು ಹೊರಟಾಗ ಪಾವತಿ. ಪತ್ರಿಕೆಗಳು ಹೇಳುವ ವಾರ್ಷಿಕ ಕೊರತೆಯ ಲೆಕ್ಕಕ್ಕೆ ಬಹುತೇಕ ಸಿಗುವುದು ಮೂರನೆಯದು ಮಾತ್ರ.

ಒಂದು ಕಟ್ಟಡ ತೆಗೆದುಕೊಳ್ಳೋಣ. 2024ರ ಕಾಯ್ದೆಯಲ್ಲಿ 10 ಕೋಟಿ ಡಾಲರ್ ಸಿಕ್ಕಿದೆ, 2026ರ ಸೆಪ್ಟೆಂಬರ್ 30ರವರೆಗೆ ಬಳಸಬಹುದು. ಮೊದಲ ವರ್ಷ ನಕ್ಷೆ ಮಾಡಿಸಲು 80 ಲಕ್ಷದ ಗುತ್ತಿಗೆಯಾಯಿತು, ಅದರಲ್ಲಿ 30 ಲಕ್ಷ ಪಾವತಿಯಾಯಿತು. ಆ ವರ್ಷದ ಬಜೆಟ್ ಅಧಿಕಾರ 10 ಕೋಟಿ, ಬದ್ಧತೆ 80 ಲಕ್ಷ, ಪಾವತಿ 30 ಲಕ್ಷ. ನಿಮ್ಮ ಎರಡೂ ವರದಿಗಳು ಇಲ್ಲೇ ಸಿಕ್ಕವು. ಮರುವರ್ಷ ಕಟ್ಟುವ ಗುತ್ತಿಗೆ 8.5 ಕೋಟಿಗೆ ಆಯಿತು. ಅದರ ಬಿಲ್ಲುಗಳು 2028ರವರೆಗೂ ಬರುತ್ತಲೇ ಇರುತ್ತವೆ. ಉಳಿದ 70 ಲಕ್ಷಕ್ಕೆ 2026ರ ಸೆಪ್ಟೆಂಬರ್ 30ರೊಳಗೆ ಗುತ್ತಿಗೆಯಾಗದಿದ್ದರೆ ಆಮೇಲೆ ಹೊಸ ಕೆಲಸಕ್ಕೆ ಅದನ್ನು ಮುಟ್ಟುವಂತಿಲ್ಲ. ಹಳೆಯ ಗುತ್ತಿಗೆಯ ಹೆಚ್ಚುಕಡಿಮೆ ಸರಿಪಡಿಸಲು ಇನ್ನೂ ಐದು ವರ್ಷ ಖಾತೆ ಉಸಿರಾಡುತ್ತದೆ. 2031ರ ಸೆಪ್ಟೆಂಬರ್ 30ಕ್ಕೆ ಖಾತೆ ರದ್ದು, ಉಳಿದದ್ದೂ ರದ್ದು.

ಸೆಪ್ಟೆಂಬರ್‌ನಲ್ಲಿ ಕಚೇರಿಗಳು ದುಡ್ಡು ಸುರಿಯುವುದಕ್ಕೂ ಇದೇ ಕಾರಣ. ಒಂದು ವರ್ಷದ ಅವಧಿಯ ಹಣ 30ರ ಮಧ್ಯರಾತ್ರಿಗೆ ಕೈಜಾರುತ್ತದೆ. ಹಾಗೆಂದು ಏನು ಬೇಕಾದರೂ ಕೊಳ್ಳುವಂತಿಲ್ಲ, ಆ ವರ್ಷದ ನಿಜವಾದ ಅಗತ್ಯವೇ ಆಗಿರಬೇಕು. ದಾಸ್ತಾನು ತಗ್ಗಿದೆ ಎಂದು ಸೆಪ್ಟೆಂಬರ್ 28ಕ್ಕೆ ಕಾಗದ ತರಿಸಿದರೆ ತಪ್ಪಿಲ್ಲ. ಮುಂದಿನ ಇಡೀ ವರ್ಷಕ್ಕಾಗುವಷ್ಟು ತರಿಸಿ ಪೇರಿಸಿದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಕಾಯ್ದೆಗೆ ಸಹಿ ಬಿದ್ದ ಮೇಲೆ ಸಂಸ್ಥೆ ನೇರವಾಗಿ ಖರ್ಚಿಗೆ ಇಳಿಯಬಹುದಲ್ಲವೇ?

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಖಜಾನೆ ಇಲಾಖೆ ವಾರೆಂಟ್ ಎಂಬ ಆದೇಶಪತ್ರ ಹೊರಡಿಸಿ ಸಂಸ್ಥೆಯ ಖಾತೆಯಲ್ಲಿ ಮೊತ್ತ ತೋರಿಸುತ್ತದೆ. ಅದು ಕಣ್ಣಿಗೆ ಕಾಣುವ ಹಣ, ಕೈಗೆ ಬಂದದ್ದಲ್ಲ. ಕಾಯ್ದೆಯಾದ 15 ದಿನದೊಳಗೆ ಸಂಸ್ಥೆ ಎಸ್‌ಎಫ್-132 ಎಂಬ ನಮೂನೆಯಲ್ಲಿ ಹಂಚಿಕೆ ಕೋರಬೇಕು, 30 ದಿನದೊಳಗೆ ಒಎಂಬಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಮುಖ್ಯವಾಗಿ ಎರಡು ಬಗೆ: ಎ ವರ್ಗವೆಂದರೆ ಮೂರು ತಿಂಗಳಿಗೊಂದು ಕಂತು, ಬಿ ವರ್ಗವೆಂದರೆ ಯೋಜನೆಗೆ ಇಷ್ಟೆಂದು. ವರ್ಷದ ಹಣ ಏಪ್ರಿಲ್‌ಗೇ ಮುಗಿದು ಮತ್ತೆ ಕಾಂಗ್ರೆಸ್ಸಿನ ಮುಂದೆ ಹೋಗುವ ಪರಿಸ್ಥಿತಿ ಬರಬಾರದೆಂದೇ ಈ ಕಂತಿನ ಏರ್ಪಾಡು. ನಮೂನೆಯ ಕೆಳಗಿನ ಅಡಿಟಿಪ್ಪಣಿಗಳನ್ನು ಹಗುರವಾಗಿ ನೋಡಬೇಡಿ. 'ಯೋಜನೆಯ ವಿವರ ಒಪ್ಪಿಸುವವರೆಗೆ ಈ ಮೊತ್ತ ಬಳಸುವಂತಿಲ್ಲ' ಎಂದು ಒಂದು ಸಾಲು ಬಿದ್ದರೆ ಆ ಹಣ ಅಲ್ಲಿಗೇ ನಿಂತಿತು.

ಒಪ್ಪಿಗೆ ಬಂದ ಮೇಲೆ ಸಂಸ್ಥೆಯ ಬಜೆಟ್ ಅಧಿಕಾರಿ ತನ್ನ ವಿಭಾಗಗಳಿಗೆ ಪಾಲು ಕೊಡುತ್ತಾರೆ. ಸಹಿ ಹಾಕಬೇಕಾದ ಗುತ್ತಿಗೆ ಅಧಿಕಾರಿ ಅದಕ್ಕೂ ಮುಂಚೆ 'ಹಣ ಇದೆ' ಎಂಬ ದೃಢೀಕರಣ ಪಡೆಯಬೇಕು.

ತಪ್ಪಿದರೆ ಕಾದಿರುವುದು ಆ್ಯಂಟಿಡೆಫಿಷಿಯೆನ್ಸಿ ಕಾಯ್ದೆ. ಮಂಜೂರಾತಿ ಮೀರಿದರೆ ಮಾತ್ರವಲ್ಲ, ಒಎಂಬಿಯ ಕಂತು ಮೀರಿದರೂ ಅದೇ ಕಾಯ್ದೆಯ ಉಲ್ಲಂಘನೆ. ತಿಳಿದೂ ತಿಳಿದೂ ಮಾಡಿದರೆ 5,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು ಎಂದಿದೆ. ಜೈಲಿಗಿಂತ ಅಧಿಕಾರಿಗಳು ಹೆದರುವುದು ಇನ್ನೊಂದಕ್ಕೆ: ಯಾರು, ಯಾವ ಖಾತೆಯಲ್ಲಿ, ಎಷ್ಟು ಮೀರಿದರು ಎಂದು ಅಧ್ಯಕ್ಷರಿಗೂ ಕಾಂಗ್ರೆಸ್ಸಿಗೂ ಹೆಸರು ಸಮೇತ ವರದಿ ಹೋಗುತ್ತದೆ.

ಹೆಚ್ಚಿನವರು ಜಾರುವುದು ದುರಾಸೆಯಿಂದಲ್ಲ, ಅಜಾಗರೂಕತೆಯಿಂದ. ದುರಸ್ತಿಯ ಹಣದಲ್ಲಿ ಹೊಸ ಕಟ್ಟಡ ಎಬ್ಬಿಸುವುದು ಹಳೆಯ ಕಥೆ. ಹೊಸದೊಂದು ಹೇಳುತ್ತೇವೆ. ಉಚಿತವಾಗಿ ಸಿಗುವ ತಂತ್ರಾಂಶಕ್ಕೆ ನೌಕರನೊಬ್ಬ 'ಒಪ್ಪಿದೆ' ಎಂದು ಗುಂಡಿ ಒತ್ತುತ್ತಾನೆ. ಷರತ್ತುಗಳ ನಡುವೆ, ಮುಂದೆ ಏನೇ ನಷ್ಟವಾದರೂ ಬಳಕೆದಾರನೇ ತುಂಬಿಕೊಡಬೇಕು ಎಂಬ ಸಾಲಿರುತ್ತದೆ. ಮಿತಿಯೇ ಇಲ್ಲದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದರೆ ಅದು ಮಂಜೂರಾತಿ ಮೀರಿದಂತೆಯೇ! ಈ ತೊಂದರೆ ಎಷ್ಟು ಸಾಮಾನ್ಯವಾಯಿತೆಂದರೆ, ಅಂಥ ಷರತ್ತು ಸರ್ಕಾರಕ್ಕೆ ಅನ್ವಯಿಸದೆಂದು ಖರೀದಿ ನಿಯಮಗಳಲ್ಲೇ ಬರೆದು ಸೇರಿಸಬೇಕಾಯಿತು.

ಪ್ರಶ್ನೆ: ಹೊತ್ತಿಗೆ ಸರಿಯಾಗಿ ಮಸೂದೆಗಳು ಪಾಸಾಗದಿದ್ದರೆ ಕಚೇರಿ ಮುಚ್ಚುವುದೇ ದಾರಿಯೇ? ಪಿಂಚಣಿ, ಅಂಚೆ ಮಾತ್ರ ಹೇಗೆ ನಡೆಯುತ್ತವೆ?

ಹೊತ್ತಿಗೆ ಸರಿಯಾಗಿ ಪಾಸಾಗುವುದೇ ಅಪರೂಪ. ಅಕ್ಟೋಬರ್ 1ರ ಹಣಕಾಸು ವರ್ಷ ಜಾರಿಗೆ ಬಂದ 1977ರಿಂದ ಈಚೆಗೆ ಎಲ್ಲ ಮಸೂದೆಗಳೂ ಗಡುವಿನೊಳಗೆ ಮುಗಿದದ್ದು ನಾಲ್ಕೇ ವರ್ಷ: 1977, 1989, 1995, 1997. ಉಳಿದಂತೆ ತಾತ್ಕಾಲಿಕ ಮುಂದುವರಿಕೆ ನಿರ್ಣಯದ ಮೇಲೆ ಬಂಡಿ ಓಡುತ್ತದೆ, ಸಾಮಾನ್ಯವಾಗಿ ಹಿಂದಿನ ವರ್ಷದ ದರದಲ್ಲಿ.

ಅದರ ಲೆಕ್ಕ ಹೀಗೆ. ವರ್ಷಕ್ಕೆ 73 ಕೋಟಿ ಡಾಲರ್ ಪಡೆಯುವ ಸಂಸ್ಥೆಗೆ ದಿನಕ್ಕೆ 20 ಲಕ್ಷ ಬೀಳುತ್ತದೆ. ನಿರ್ಣಯ ನವೆಂಬರ್ 15ರವರೆಗೆ ಇದ್ದರೆ 46 ದಿನ, ಅಂದರೆ 9.2 ಕೋಟಿ. ಹಿಂದಿನ ವರ್ಷಗಳಲ್ಲಿ ಆ ಅವಧಿಗೆ ಅದಕ್ಕಿಂತ ಕಡಿಮೆ ಬಳಸಿದ್ದರೆ ಆ ಕಡಿಮೆ ಮೊತ್ತವೇ ಸಿಗುತ್ತದೆ. ವರ್ಷದ ಅನುದಾನವನ್ನೆಲ್ಲ ಅಕ್ಟೋಬರ್‌ನಲ್ಲೇ ಹಂಚಬೇಕಾದ ಸಂಸ್ಥೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಒಎಂಬಿಯಿಂದ ಲಿಖಿತ ವಿನಾಯಿತಿ ತರಬೇಕು. ಹೊಸ ಕೆಲಸ ಆರಂಭಿಸುವಂತಿಲ್ಲ. ಬೆಲೆ ಏರಿದರೂ ದರ ಏರುವುದಿಲ್ಲ. ತೀರಾ ಕಷ್ಟವಾಗುವ ಬಾಬುಗಳನ್ನು ಸಂಸ್ಥೆಗಳು ಮೊದಲೇ ಪಟ್ಟಿ ಮಾಡಿ ಒಎಂಬಿಗೆ ಕೊಡುತ್ತವೆ, ಕೆಲವು ಮಾತ್ರ ನಿರ್ಣಯದೊಳಗೆ ವಿಶೇಷ ಸಾಲುಗಳಾಗಿ ಬರುತ್ತವೆ. ನಮ್ಮ ಅಭಿಪ್ರಾಯ ಕೇಳಿದರೆ, ಸುದ್ದಿಯಾಗುವ ಮುಚ್ಚುವಿಕೆಗಿಂತ ಸುದ್ದಿಯಾಗದ ಈ ಅರೆಬರೆ ತಿಂಗಳುಗಳೇ ಸಂಸ್ಥೆಗಳಿಗೆ ಹೆಚ್ಚು ನಷ್ಟ. ನಾಲ್ಕು ತಿಂಗಳು ಕಾದ ಗುತ್ತಿಗೆಗಳನ್ನೆಲ್ಲ ಬೇಸಿಗೆಯಲ್ಲಿ ಗುಡ್ಡೆ ಹಾಕಿಕೊಂಡು ಮಾಡಬೇಕಾಗುತ್ತದೆ.

ನಿರ್ಣಯವೂ ಇಲ್ಲದಿದ್ದರೆ ಕದ ಮುಚ್ಚಬೇಕು. 1980ಕ್ಕೆ ಮುಂಚೆ ಇಂಥ ಹೊತ್ತಿನಲ್ಲೂ ಕಚೇರಿಗಳು ಹೇಗೋ ನಡೆಯುತ್ತಿದ್ದವು. ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ 1980 ಮತ್ತು 1981ರಲ್ಲಿ ಕೊಟ್ಟ ಅಭಿಪ್ರಾಯಗಳು ಅದನ್ನು ಬದಲಿಸಿದವು: ಹಣವಿಲ್ಲದೆ ಕೆಲಸ ಮಾಡಿಸಿಕೊಳ್ಳುವುದು ಮೇಲೆ ಹೇಳಿದ ಕಾಯ್ದೆಗೆ ವಿರುದ್ಧ, ಜೀವ ಮತ್ತು ಆಸ್ತಿ ರಕ್ಷಣೆಯಂಥವಕ್ಕೆ ಮಾತ್ರ ವಿನಾಯಿತಿ. ಯಾರು ಬರಬೇಕು, ಯಾರು ಮನೆಯಲ್ಲಿರಬೇಕು ಎಂಬ ಯೋಜನೆಯನ್ನು ಪ್ರತಿ ಸಂಸ್ಥೆಯೂ ಮೊದಲೇ ಬರೆದಿಟ್ಟಿರುತ್ತದೆ. ಪಿಂಚಣಿಗೆ ಕಾಯಂ ಕಾಯ್ದೆಯ ಹಣವಿದೆ. ಅಂಚೆ ತನ್ನ ಆದಾಯದಲ್ಲೇ ನಡೆಯುತ್ತದೆ. ಹನ್ನೆರಡರಲ್ಲಿ ಕೆಲವು ಮಸೂದೆ ಆಗಲೇ ಪಾಸಾಗಿದ್ದರೆ ಆ ಇಲಾಖೆಗಳೂ ತೆರೆದಿರುತ್ತವೆ; 2018ರ ಡಿಸೆಂಬರ್‌ನಿಂದ 35 ದಿನ ನಡೆದ ಮುಚ್ಚುವಿಕೆಯಲ್ಲಿ ಐದು ಮಸೂದೆಗಳು ಮೊದಲೇ ಕಾಯ್ದೆಯಾಗಿದ್ದವು.

ಪ್ರಶ್ನೆ: ಕಾಂಗ್ರೆಸ್ ಕೊಟ್ಟ ಹಣವನ್ನು ಖರ್ಚು ಮಾಡುವುದಿಲ್ಲ ಎಂದು ಅಧ್ಯಕ್ಷರು ಹಟ ಹಿಡಿದರೆ?

ಅಧ್ಯಕ್ಷರಾಗಿದ್ದಾಗ ನಿಕ್ಸನ್ ಹಾಗೆ ಮಾಡಿದ್ದಕ್ಕೇ 1974ರ ಕಾಯ್ದೆ ಬಂತು. ಬೇಡವೆನಿಸಿದ ಹಣವನ್ನು ರದ್ದು ಮಾಡಿ ಎಂದು ಅಧ್ಯಕ್ಷರು ಕಾಂಗ್ರೆಸ್ಸನ್ನು ಕೇಳಬಹುದು. ಅಧಿವೇಶನದ 45 ದಿನ ಹಣ ತಡೆಹಿಡಿಯಬಹುದು. ಅಷ್ಟರಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಬಿಡುಗಡೆ ಮಾಡಬೇಕು. 2025ರ ಜುಲೈನಲ್ಲಿ ವಿದೇಶಿ ನೆರವು ಮತ್ತು ಸಾರ್ವಜನಿಕ ಪ್ರಸಾರದ ಸುಮಾರು 900 ಕೋಟಿ ಡಾಲರ್ ಹೀಗೆ ಕಾಂಗ್ರೆಸ್ಸಿನ ಒಪ್ಪಿಗೆಯಿಂದಲೇ ರದ್ದಾಯಿತು. ಜಗಳವೆದ್ದದ್ದು ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಹೋದ ಇನ್ನೊಂದು ಕೋರಿಕೆಯ ಬಗ್ಗೆ. 45 ದಿನ ಮುಗಿಯುವ ಮೊದಲೇ ಸೆಪ್ಟೆಂಬರ್ 30 ಬಂದು ಹಣದ ಅವಧಿಯೇ ತೀರುವಂತೆ ಅದನ್ನು ಕಳಿಸಲಾಗಿತ್ತು. ಇದು ಕಾಯ್ದೆಬದ್ಧವಲ್ಲವೆಂಬುದು ಜಿಎಒದ ನಿಲುವು.

ಜಿಎಒ ಕಾಂಗ್ರೆಸ್ಸಿನ ಲೆಕ್ಕ ಪರಿಶೋಧಕ ಸಂಸ್ಥೆ, ಅದೂ 1921ರ ಕಾಯ್ದೆಯದೇ. ಉಕ್ರೇನ್ ನೆರವಿನ ಸುಮಾರು 21.4 ಕೋಟಿ ಡಾಲರನ್ನು 2019ರಲ್ಲಿ ಅಡಿಟಿಪ್ಪಣಿಗಳ ಮೂಲಕ ತಡೆದದ್ದು 1974ರ ಕಾಯ್ದೆಯ ಉಲ್ಲಂಘನೆ ಎಂದು 2020ರ ಜನವರಿಯಲ್ಲಿ ಹೇಳಿದ್ದೂ ಅದೇ. ಹಣ ಬಿಡಿಸಲು ನ್ಯಾಯಾಲಯಕ್ಕೆ ಹೋಗುವ ಅಧಿಕಾರ ಅದಕ್ಕಿದೆ, ಆದರೆ ಬಳಸುವುದು ಅತಿ ವಿರಳ. ಅದರ ಬಾಯಿ ಗಟ್ಟಿ, ಕೈ ಅಷ್ಟು ಗಟ್ಟಿಯಲ್ಲ.

ಪ್ರಶ್ನೆ: ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೂಡ ಈ ಬಜೆಟ್ಟಿಗೆ ಸೇರಿದೆಯೇ?

ಇಲ್ಲ. ಅದು ಕಾಂಗ್ರೆಸ್ಸಿನ ವಾರ್ಷಿಕ ಮಂಜೂರಾತಿ ಪಡೆಯುವುದಿಲ್ಲ, ತನ್ನ ಗಳಿಕೆಯಲ್ಲಿ ನಡೆಯುತ್ತದೆ. ಖರ್ಚು ಕಳೆದು ಮಿಕ್ಕಿದ್ದನ್ನು ಖಜಾನೆಗೆ ಕೊಡುತ್ತದೆ, ಬಜೆಟ್ಟಿನಲ್ಲಿ ಅದು ಆದಾಯವಾಗಿ ಕಾಣುತ್ತದೆ.

ಪ್ರಶ್ನೆ: ಒಂದು ಸಂಸ್ಥೆಗೆ ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಹೊರಗಿನವರು ನೋಡಬಹುದೇ?

ನೋಡಬಹುದು, ಉಚಿತವಾಗಿ. ಸಂಸ್ಥೆ ಏನು ಕೇಳಿತು, ಏಕೆ ಕೇಳಿತು ಎಂಬುದು ಅದರ ಜಾಲತಾಣದಲ್ಲಿರುವ ಕಾಂಗ್ರೆಷನಲ್ ಜಸ್ಟಿಫಿಕೇಷನ್ ಎಂಬ ದಾಖಲೆಯಲ್ಲಿದೆ. ಅಧ್ಯಕ್ಷರ ಬಜೆಟ್ಟಿನ ಅನುಬಂಧದಲ್ಲಿ ಖಾತೆವಾರು ಕೋಷ್ಟಕವಿದೆ. ಮುಗಿದ ವರ್ಷ, ನಡೆಯುವ ವರ್ಷ, ಬರುವ ವರ್ಷ ಮೂರೂ ಅಕ್ಕಪಕ್ಕ. ಗುತ್ತಿಗೆ ಮತ್ತು ಅನುದಾನ ಯಾರಿಗೆ ಹೋಯಿತೆಂದು ತಿಳಿಯಲು ಯುಎಸ್‌ಎಸ್ಪೆಂಡಿಂಗ್ ಜಾಲತಾಣ. ಇಡೀ ಸರ್ಕಾರದ ಆದಾಯ, ಪಾವತಿಗೆ ಖಜಾನೆ ಇಲಾಖೆಯ ಮಾಸಿಕ ಹೇಳಿಕೆ. ರಕ್ಷಣಾ ಇಲಾಖೆಯ ಅಂಕಿಗಳನ್ನು ಮಾತ್ರ ಸ್ವಲ್ಪ ಹುಷಾರಾಗಿ ಓದಿ: 2018ರಲ್ಲಿ ಪೂರ್ಣ ಲೆಕ್ಕ ತಪಾಸಣೆ ಆರಂಭವಾದಾಗಿನಿಂದ 2024ರವರೆಗೆ ಒಂದು ವರ್ಷವೂ ಅದು ಪಾಸಾಗಲಿಲ್ಲ. ಯುಎಸ್‌ಎಸ್ಪೆಂಡಿಂಗ್‌ನಲ್ಲಿ ಬದ್ಧತೆ ಮತ್ತು ಪಾವತಿಗೆ ಬೇರೆಬೇರೆ ಅಂಕಣಗಳಿವೆ. ಒಂದರ ಮೊತ್ತವನ್ನು ಇನ್ನೊಂದರ ಪಕ್ಕ ಇಟ್ಟು ಕಳೆದರೆ, ಸಹಿಯಾಗಿಯೂ ಬಿಲ್ಲು ಬಾರದ ಗುತ್ತಿಗೆ ಎಷ್ಟಿದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ.